ಮಗಳ ರಕ್ತದ ಬಣ್ಣ

ಸುಳ್ಯದ ಲ್ಯಾಬಿನ ಹುಡುಗಿ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ತೂಕ ಜಾಸ್ತಿಯಾಯಿತೆಂದು ಡಾಕ್ಟರು ಬರೆದುಕೊಟ್ಟಿದ್ದ ಪರೀಕ್ಷೆಗಾಗಿ, ಹತ್ತನೇ ತರಗತಿಯ ನನ್ನ ಮಗಳಿಂದ ತೆಗೆದ ರಕ್ತ ಅದು. ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪು ತಳಕ್ಕಿಳಿದಿತ್ತು. ಅದರ ಮೇಲೆ ಹಾಲಿನಂಥ ಬಿಳಿ ನಿಂತಿತ್ತು.

“ಇದೆಂತ?” ಎಂದೆ.

“ಕೊಬ್ಬು ಅಕ್ಕ. ಖಾಲಿ ಹೊಟ್ಟೆಯಲ್ಲಿ ಬಂದದ್ದಲ್ವಾ? ಆದ್ರೂ ಇಷ್ಟುಂಟು.”

ಮಗಳು ನನ್ನ ಕಡೆ ತಿರುಗಿದಳು. “ಅಪ್ಪನದ್ದೂ ಹೀಗೇ ಇತ್ತಾ ಅಮ್ಮ?”

ಎರಡು ವರ್ಷದ ಹಿಂದೆ, ನಲವತ್ತೊಂದನೇ ವಯಸ್ಸಿಗೆ, ಅವಳ ಅಪ್ಪ ಅರಂತೋಡಿನ ನಮ್ಮ ಬೇಕರಿಯಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದರು. ಅವರ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಆಮೇಲೆ ಮಗಳು ಅಳದಿರಲಿ ಎಂದು ಕೇಳಿದ್ದನ್ನೆಲ್ಲ ತಿನ್ನಿಸಿದವಳು ನಾನೇ. ಅವಳು ಮೈ ತುಂಬಿಕೊಂಡಾಗ, ದುಃಖ ಮರೆಯುತ್ತಿದ್ದಾಳೆಂದು ಸಮಾಧಾನಪಟ್ಟಿದ್ದೆ.

“ಗೊತ್ತಿಲ್ಲ ಮಗಾ” ಎಂದಷ್ಟೇ ಹೇಳಿದೆ.

ಈಗ ಅವಳು ಮಾತ್ರೆ ನುಂಗುತ್ತಾಳೆ, ಕರಿದ ತಿಂಡಿ ಮುಟ್ಟುವುದಿಲ್ಲ. ಇದು ವಂಶದಲ್ಲೇ ಬಂದಿರಬಹುದು, ಇವಳ ತಂಗಿಯ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಏಳು ವರ್ಷದ ಆ ಚಿಕ್ಕವಳ ಕೈ ಹಿಡಿದು ಲ್ಯಾಬಿನ ಮೆಟ್ಟಿಲು ಹತ್ತುವ ಧೈರ್ಯ ನನಗಿನ್ನೂ ಬಂದಿಲ್ಲ.