ಅಳೆಯದೆ ಬರೆದ ಬಾವಿ

ನಮ್ಮೂರು ಅಕ್ಕಲಕೋಟದಿಂದ ಮೈಂದರ್ಗಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಕೆಲವು ವರ್ಷದ ಹಿಂದೆ ಸೋಲಾಪುರದಿಂದ ಒಂದು ಸಂಸ್ಥೆಯವರು ಬಂದು ಊರಿನ ಎಂಟು ಬಾವಿ ಆರಿಸಿದರು. ಪ್ರತಿ ತಿಂಗಳು ಅವುಗಳ ನೀರಿನ ಮಟ್ಟ ಅಳೆದು ಬರೆಯಬೇಕು; ಅದನ್ನು ನೋಡಿ ಏನು ಬಿತ್ತಬೇಕು, ಎಲ್ಲಿ ಬೋರ್ ಹಾಕಬಹುದು ಎಂದು ಊರೇ ಕೂತು ಗೊತ್ತುಮಾಡಬೇಕು. ಓದಿದವನು, ದೊಡ್ಡ ಮನೆತನದವನು ಎಂದು ಅಳೆಯುವ ಕೆಲಸ ನನಗೆ ಬಂತು. ತುದಿಗೆ ಭಾರ ಕಟ್ಟಿದ ಟೇಪನ್ನು ಬಾವಿಗೆ ಇಳಿಬಿಟ್ಟು, ನೀರು ಮುಟ್ಟಿದಲ್ಲಿ ಓದಿ, ಮೊಬೈಲಿನಲ್ಲಿ ತುಂಬುವುದು. ಕಷ್ಟದ್ದೇನಲ್ಲ.

ಎಂಟನೆಯ ಬಾವಿ ಹಳ್ಳದಾಚೆ ಇತ್ತು. ಅದರ ಒಡತಿ ಒಂದೆಕರೆಯಲ್ಲಿ ಬದನೆ ಬೆಳೆದು, ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟದ ಬಜಾರಕ್ಕೆ ಒಯ್ಯುತ್ತಿದ್ದಳು. ಬಿಡುವಿದ್ದಾಗ ನಮ್ಮ ಹೊಲಕ್ಕೆ ಕಸ ತೆಗೆಯಲು ಬರುತ್ತಿದ್ದಳು. ಒಂದು ಮಳೆಗಾಲ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಲಾಗದೆ ಅರ್ಧ ದಾರಿಯಿಂದ ತಿರುಗಿ ಬಂದೆ. ಹಿಂದಿನ ತಿಂಗಳ ಅಂಕಿಯನ್ನೇ ಚೂರು ತಿದ್ದಿ ತುಂಬಿದೆ. ಯಾರೂ ಕೇಳಲಿಲ್ಲ. ಮುಂದೆ ಮಣ್ಣು ಒಣಗಿದರೂ ಹೋಗಲಿಲ್ಲ. ಉಳಿದ ಬಾವಿಗಳು ಏರಿಳಿದಂತೆ ಇದನ್ನೂ ಏರಿಳಿಸಿ ಬರೆಯುವುದು ರೂಢಿಯಾಯಿತು.

ದೀಪಾವಳಿ ಕಳೆದ ಮೇಲೆ ಪಂಚಾಯಿತಿಯಲ್ಲಿ ಸಭೆ ಸೇರಿತು. ನನ್ನ ಕಾಕಾನ ಮಗ ಹಳ್ಳದಾಚೆಯ ತನ್ನ ಹೊಲದಲ್ಲಿ ಬೋರ್ ಹಾಕಲು ಒಪ್ಪಿಗೆ ಕೇಳಿದ. ಎಂಟನೆಯ ಬಾವಿಯ ಒಡತಿ ಹೆಂಗಸರ ನಡುವೆ ಎದ್ದು ನಿಂತಳು.

"ಬ್ಯಾಡ್ರಿ. ನನ್ನ ಬಾವ್ಯಾಗ ನೀರು ಭಾಳ ಇಳದಾವ. ಮೋಟರ್ ಅರ್ಧಾ ತಾಸು ಸುದ್ದಾ ನಡ್ಯಾಂಗಿಲ್ಲ."

ಸರಪಂಚರು ಗೋಡೆಗೆ ಅಂಟಿಸಿದ್ದ ಬಾವಿಗಳ ಅಂಕಿಯ ತಕ್ತಾ ತೋರಿಸಿದರು. "ಇಲ್ಲಿ ನೋಡವಾ, ನಿನ್ನ ಬಾವ್ಯಾಗ ನೀರು ಚಲೋ ಐತಿ. ತಿಂಗಳಾ ತಿಂಗಳಾ ಅಳದ ಬರದಾರ." ನನ್ನ ಕಡೆ ತಿರುಗಿದರು. "ಖರೇ ಏನ್ರಿ ಅಣ್ಣಾರ?"

"ಹೌದ್ರಿ," ಎಂದೆ.

ಆಕೆ ನನ್ನ ಮುಖ ನೋಡಿ ಕೂತಳು. ಒಪ್ಪಿಗೆ ಸಿಕ್ಕಿತು.

ಬೋರ್ ಬಿದ್ದ ಎರಡೇ ತಿಂಗಳಿಗೆ ಅವಳ ಬದನೆ ಗಿಡಗಳು ಹೂವಿನಲ್ಲೇ ಒಣಗಿದವು ಎಂದು ಸುದ್ದಿ ಬಂತು. ಟೇಪು ತೆಗೆದುಕೊಂಡು ಹೋದೆ. ಇಳಿಬಿಟ್ಟ ಭಾರ ಬಾವಿಯ ತಳದ ಕಲ್ಲಿಗೆ ಠಣ್ಣೆಂದು ಬಡಿಯಿತು. ಅಳೆಯದೆ ಬರೆದದ್ದನ್ನೆಲ್ಲ ಅಲ್ಲೇ ನಿಂತು ಅವಳಿಗೆ ಹೇಳಿದೆ.

"ಗೊತ್ತೈತ್ರಿ," ಎಂದಳು. "ನೀವು ಬರೂದ ಬಿಟ್ಟಿದ್ದು ನನಗ ಗೊತ್ತಿಲ್ಲೇನು?"

"ಮತ್ತ ಸಭಾದಾಗ ಯಾಕ ಅನಲಿಲ್ಲ?"

"ನಿಮ್ಮ ಮುಂದ ನನ್ನ ಮಾತು ಯಾರ ಕೇಳ್ತಿದ್ರು? ಈಗ ನೀವ ಎದ್ದು ಹೇಳ್ರಿ. ಊರಾಗ ನನಗ ಸುಳ್ಳಾಕಿ ಅಂತಾರ."

ಮುಂದಿನ ಸಭೆಯಲ್ಲಿ ಹೇಳಿದೆ. ಎಲ್ಲರೂ ಉಗಿಯುತ್ತಾರೆ ಎಂದುಕೊಂಡಿದ್ದೆ. ಒಬ್ಬರು ನಕ್ಕರು. "ಜಾಂವ್ ದ್ಯಾ, ಹೋಗ್ಲಿ ಬಿಡ್ರಿ ಅಣ್ಣಾರ, ಒಂದ ಬಾವಿ, ಮನಶ್ಯಾನ ಕೈಲೆ ತಪ್ಪಾಗ್ತೈತಿ." ಕಾಕಾನ ಮಗ ದಿನ ಬಿಟ್ಟು ದಿನ ತನ್ನ ಬೋರಿನಿಂದ ಅವಳಿಗೆ ಒಂದು ತಾಸು ನೀರು ಬಿಡಲು ಒಪ್ಪಿದ, ಇಂದಿಗೂ ಬಿಡುತ್ತಾನೆ. ಅಷ್ಟರಲ್ಲಿ ಸಭೆಗೆ ಚಹಾ ಬಂತು. ಹಿಂದಿನಿಂದ ಆಕೆಯೊಬ್ಬಳೇ ಕೇಳಿದಳು: "ಗ್ವಾಡಿ ಮ್ಯಾಲಿನ ಸುಳ್ಳ ಅಂಕಿ ಅಳಸ್ತೀರಿಲ್ಲ?"

ಎಲ್ಲರೂ ಚಹಾ ಕುಡಿಯುತ್ತಿರುವಾಗ ಆ ಅಂಕಿಗಳನ್ನು ಒಂದೊಂದಾಗಿ ಹೊಡೆದು ಹಾಕಿದೆ. ಟೇಪನ್ನು ಅವಳ ಕೈಗೇ ಕೊಟ್ಟೆ. ಈಗ ಎಂಟೂ ಬಾವಿ ಆಕೆ ಅಳೆಯುತ್ತಾಳೆ. ನಮ್ಮ ಹೊಲದ ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ. ಊರು ನನ್ನನ್ನು ಅಷ್ಟು ಸಲೀಸಾಗಿ ಬಿಟ್ಟುಬಿಟ್ಟಿತು. ಅದೇ ತಪ್ಪು ಅವಳು ಮಾಡಿದ್ದರೆ ಬಿಡುತ್ತಿತ್ತೇ ಎಂಬುದು ನನ್ನನ್ನು ಇನ್ನೂ ಕೊರೆಯುತ್ತದೆ.