ಮಾವನವರು ಇಳಿಸಿದ್ದು, ನಾನು ಏರಿಸಿದ್ದು

ಮಾವನವರ ಬಲಗಿವಿ ಎಡಗಿವಿಗಿಂತ ಕೆಂಪಗಿರುತ್ತಿತ್ತು. ದಿನವಿಡೀ ಅದನ್ನು ಯಾವುದಾದರೊಂದು ಇನ್ವರ್ಟರಿನ ತಗಡಿಗೆ ಒತ್ತಿಕೊಂಡು ಕೂಡುವವರ ಕಿವಿ ಇನ್ನು ಹೇಗಿದ್ದೀತು? ಮೇಜಿನ ಮೇಲೆ ಆಸಿಲೋಸ್ಕೋಪು ಇತ್ತು, ಕರೆಂಟಿನ ಅಲೆಯೆಲ್ಲ ಅದರಲ್ಲಿ ಕಾಣುತ್ತಿತ್ತು. ಆದರೂ ಅವರು ಮೊದಲು ಕಿವಿ ಇಟ್ಟು, ಆಮೇಲೆ ಕನ್ನಡಕ ಹುಡುಕುತ್ತಿದ್ದರು. "ನಡಗಾಕತ್ತೈತಿ" ಅಂದರೆ ನಾನು ಮಾಡಿದ್ದು ತಪ್ಪು. "ಗಪ್ ಐತಿ" ಅಂದರೆ ಅವರು ಮಾಡಿದ್ದು ಸರಿ. ಮೂರನೆಯ ತೀರ್ಪು ಆ ಮನೆಯಲ್ಲಿ ಇರಲಿಲ್ಲ.

ಗಜೇಂದ್ರಗಡದ ಆ ಮನೆಯ ಹಿತ್ತಲ ಕೋಣೆಗಳೇ ನಮ್ಮ ಕಾರ್ಖಾನೆ. ಕಾಳಿನ ದಲಾಲಿ ಮನೆತನದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಬಿಸಿಲಿನ ಕರೆಂಟನ್ನು ಊರ ಲೈನಿಗೆ ಕೂಡಿಸುವ ಇನ್ವರ್ಟರುಗಳ ಹುಚ್ಚು ಹತ್ತಿಸಿಕೊಂಡವರು ಮಾವನವರು. ಅದೇ ವಿಷಯ ಓದಿದ್ದ ತಪ್ಪಿಗೆ, ಅವರ ಮಗಳ ಜೊತೆ ಕಾರ್ಖಾನೆಯನ್ನೂ ಮದುವೆಯಾದವನು ನಾನು. ಕಾರ್ಖಾನೆಯಿಂದ ಹೊರಬೀಳಬೇಕಾದರೆ ಮನೆ ದಾಟಬೇಕು. ಮನೆಯಿಂದ ಹೊರಬೀಳಬೇಕಾದರೆ ಪಡಸಾಲೆಯಲ್ಲಿ ಅವರ ಕುರ್ಚಿ ದಾಟಬೇಕು. ಊಟಕ್ಕೆ ಕೂತರೆ ತಾಟಿನ ಪಕ್ಕಕ್ಕೆ ಉಪ್ಪಿನಕಾಯಿಯ ಜಾಗದಲ್ಲಿ ಒಂದು ಸರ್ಕ್ಯೂಟ್ ಬೋರ್ಡು.

ನಮ್ಮ ಜಗಳವೆಲ್ಲ ಒಂದೇ ಸರ್ಕ್ಯೂಟಿನದು: ಫೇಸ್ ಲಾಕ್ಡ್ ಲೂಪ್. ಲೈನಿನ ಅಲೆಯನ್ನು ನೋಡುತ್ತ, ಅದರ ಹೆಜ್ಜೆಗೆ ಇನ್ವರ್ಟರಿನ ಹೆಜ್ಜೆ ಕೂಡಿಸುವುದು ಅದರ ಕೆಲಸ. ಲೂಪನ್ನು ಚುರುಕು ಮಾಡಿದರೆ, ಲೈನು ಎತ್ತ ಜಿಗಿದರೂ ಬೆನ್ನು ಬಿಡುವುದಿಲ್ಲ. ಆದರೆ ಲೈನಿನ ಮೇಲಿನ ಕಸದಂಥ ಸಣ್ಣ ಅಲೆಯನ್ನೂ ನಿಜವೆಂದು ನಂಬಿ ಅದರ ಹಿಂದೆಯೂ ಓಡುತ್ತದೆ, ಹೆಜ್ಜೆ ಸದಾ ನಡುಗುತ್ತದೆ. ಆ ನಡುಕಕ್ಕೆ ಜಿಟ್ಟರ್ ಅನ್ನುತ್ತಾರೆ. ನಿಧಾನ ಮಾಡಿದರೆ ನಡುಕ ಹೋಗುತ್ತದೆ; ಲೈನು ಖರೇನೇ ಜಿಗಿದಾಗ ಮಾತ್ರ ಲೂಪು ಹಿಂದೆ ಬಿದ್ದು, ಯಂತ್ರವೇ ಆಫ್ ಆಗುತ್ತದೆ. ನಾನು ಚುರುಕಿನ ಪಕ್ಷ. ಹಾಲು ಉಕ್ಕೀತೆಂದು ಅದು ಬಿಸಿಯಾಗುವ ಮೊದಲೇ ಒಲೆ ಆರಿಸುವವನು ಬೇರೆ ಯಾವ ಪಕ್ಷ ಸೇರಿಯಾನು? ಮಾವನವರು ನಿಧಾನದವರು.

"ಅಳಿಯಂದ್ರ, ಲೈನ್ ಕೆಮ್ಮಿದ್ರ ನೀವ್ಯಾಕ ದವಾಖಾನಿಗೆ ಓಡ್ತೀರಿ?"

"ಮಾವಾರ, ಅದು ಬಿದ್ದ ಮ್ಯಾಲ ನಾವೆದ್ದು ಏನ್ ಮಾಡೂದೈತ್ರಿ?"

ಇದರ ನಡುವೆ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಸೋಮವಾರ ಸೇರದಿದ್ದರೆ ಬೇರೆಯವರಿಗೆ ಹೋಗುತ್ತಿತ್ತು. ಹೆಂಡತಿ ಒಪ್ಪಿದ್ದಳು. ಬಿಡುಗಡೆಗೆ ಉಳಿದದ್ದು ಆ ಕುರ್ಚಿಯೊಂದೇ. ಅದರ ಮುಂದೆ ನಿಂತು ಹೇಳಿದೆ.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು ಮಾವನವರು. "ಸವಡಿ ಗಿರಣಿದೊಂದು ನೆಟ್ಟಗ ಮಾಡಿ ಹೋಗ್ರಿ."

ಅಲ್ಲಿಗೆ ಬಾಗಿಲು ಮತ್ತೆ ಮುಚ್ಚಿತು. ಯಾಕೆಂದರೆ ಸವಡಿಯದು ನೆಟ್ಟಗಾಗುವ ಪೈಕಿ ಅಲ್ಲ. ಲೈನಿನ ಕಟ್ಟಕಡೆಗೆ ಇದ್ದ ಖಾರ ಕುಟ್ಟುವ ಗಿರಣಿ ಅದು. ಲೈನಿನ ಬಲ ಸಾಲದೆ, ಜೊತೆಗೆ ಬಿಸಿಲಿನ ಬಲ ಇರಲೆಂದು ನಮ್ಮ ಇನ್ವರ್ಟರ್ ಹಾಕಿಸಿಕೊಂಡಿದ್ದರು. ನಾನು ಚುರುಕು ಮಾಡಿದರೆ ಗಿರಣಿಯ ಮೋಟರು ಲೈನಿಗೆ ಬಿಡುವ ಕಸಕ್ಕೆ ನಡುಗಿ ನಡುಗಿ ಆಫ್. ಮಾವನವರು ನಿಧಾನ ಮಾಡಿದರೆ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳು ಶುರುವಾಗಿ ಲೈನು ಜಿಗಿದಾಗ ಆಫ್.

ಶನಿವಾರ ಇಬ್ಬರೂ ಹೋದೆವು. ಖಾರದ ಪುಡಿ ಓಣಿಗೆ ಹಾರಬಾರದೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿದ ಕೋಣೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಒಳಗೆ ನಾವಿಬ್ಬರೇ, ಗಿರಣಿಗೆ ಮೆಣಸಿನಕಾಯಿ ಹಾಕುವವರೂ ನಾವೇ. ಗಿರಣಿಯ ಒಡತಿ ಬಾಗಿಲ ಸಂದಿಯಿಂದ ಕೂಗಿದಳು: "ಮಾವ ಅಳಿಯ ಕೂಡಿ ನನ್ನ ಗಿರಣ್ಯಾಗ ಸಾಲಿ ತಗದೀರೇನ್ರಿ? ಮಂದಿ ಮೆಣಸಿನಕಾಯಿ ಹೊತ್ಕೊಂಡು ರೋಣಕ್ಕ ಹೊಂಟಾರ!"

ಕೋಣೆಯ ಬಲ್ಬು ಒಂಚೂರು ಮಂಕಾದರೆ ಸಾಕು, ಪಂಪುಗಳು ಒಂದರ ಹಿಂದೊಂದು ಎದ್ದವು ಎಂದು ಗಾಬರಿಯಾಗಿ ನಾನು ಚುರುಕಾಗಲೆಂದು ಲೂಪಿನ ತಿರುಪು ಏರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮಾವನವರು ತಗಡಿಗೆ ಕಿವಿ ಇಟ್ಟು, "ನಡಗಾಕತ್ತೈತಿ" ಎಂದು ಇಳಿಸುತ್ತಿದ್ದರು. ನಾನು ಏರಿಸಿದೆ. ಅವರು ಇಳಿಸಿದರು. "ಕೈ ತಗೀರಿ." "ನೀವ ತಗೀರಿ ಮಾವಾರ." ಸೀನುತ್ತ, ಕಣ್ಣೀರು ಒರೆಸುತ್ತ ಬೈದಾಡಿದೆವು.

ಸಂಜೆ ಒಡತಿ ಬಾಗಿಲು ತೆಗೆದು, ತುಂಬಿದ ಚೀಲಗಳನ್ನು ನೋಡಿ, "ಇವತ್ತ ಒಂದ್ ಸಲಾನೂ ನಿಂತಿಲ್ಲಲ್ರಿ! ಏನ್ ಮಾಡಿದ್ರಿ?" ಎಂದಳು.

ಮಾವನವರು ಟವೆಲ್ ಬಿಚ್ಚಿದರು. ನನ್ನನ್ನು ನೋಡಿದರು. "ಜಗಳಾ ಆಡಿದ್ವಿ," ಎಂದರು.

ಭಾನುವಾರ ಆ ಜಗಳವನ್ನೇ ಬೋರ್ಡಿನೊಳಗೆ ಕೂಡಿಸಿದೆವು. ಹೆಜ್ಜೆ ದೂರವಾದರೆ ಲೂಪು ತಾನೇ ಚುರುಕಾಗಬೇಕು, ಹೆಜ್ಜೆ ಕೂಡಿದ ಮೇಲೆ ನಿಧಾನಕ್ಕೆ ಬರಬೇಕು. ಎಷ್ಟು ದೂರವಾದರೆ ಎಂಬುದನ್ನು ಮಾತ್ರ ಆಯಾ ಊರಿನ ಲೈನು ನೋಡಿ ತಿರುಪಿನಿಂದ ಗೊತ್ತು ಮಾಡಬೇಕು. ಹೊಸ ಉಪಾಯವೇನಲ್ಲ, ಕಾಲೇಜಿನಲ್ಲಿ ಇಬ್ಬರೂ ಓದಿದ್ದೇ. ಎದುರಿನವನದು ಅರ್ಧ ಸರಿ ಎಂದು ಒಪ್ಪಬೇಕಾಗುತ್ತದಲ್ಲ, ಅದಕ್ಕೇ ಇಬ್ಬರಿಗೂ ಮರೆತುಹೋಗಿತ್ತು.

ಸೋಮವಾರ ಬೆಳಿಗ್ಗೆ ಮಾವನವರೇ ನನ್ನ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದರು. "ಈಗ ನಿಮ್ಮನ್ನ ಯಾರೂ ಹಿಡದಿಲ್ರಿ ಅಳಿಯಂದ್ರ. ಆರಾಮ ಹೋಗಿ ಬರ್ರಿ." ಬಸ್ಸು ರೋಣ, ನರಗುಂದದ ಮೇಲೆ ಹುಬ್ಬಳ್ಳಿಗೆ ಹೋಗುವುದು. ರೋಣ ಬರುವಷ್ಟರಲ್ಲಿ ನನ್ನ ಕಣ್ಣ ಮುಂದೆ ಸವಡಿಯ ಬಲ್ಬು ಮಂಕಾಗಿ ಮಂಕಾಗಿ ಹತ್ತತೊಡಗಿತ್ತು. ಎಲ್ಲ ಪಂಪುಗಳೂ ಒಮ್ಮೆಲೇ ಎದ್ದರೆ? ಒಂದು ಸಲ ನೋಡಿ ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಇಳಿದು ಸವಡಿಯ ಹಾದಿ ಹಿಡಿದೆ.

ಗಿರಣಿ ತನ್ನ ಪಾಡಿಗೆ ತಾನು ಕುಟ್ಟುತ್ತಿತ್ತು. ಒಡತಿ ನನ್ನನ್ನು ನೋಡಿ ಆಶ್ಚರ್ಯವನ್ನೇ ಪಡಲಿಲ್ಲ.

"ಕೈ ತೊಳಕೊಂಡ್ ಬರ್ರಿ. ನಿಮ್ಮ ಮಾವಾರು ಆಗಳೇ ಫೋನ್ ಮಾಡಿದ್ರು, ನಮ್ಮ ಅಳಿಯಂದ್ರು ಬರ್ತಾರ, ಉಣ್ಣಾಕ ನೀಡ್ರಿ ಅಂತ."

ರೊಟ್ಟಿ, ಪುಂಡಿಪಲ್ಯ. ಅವಮಾನವಾಯಿತು, ಆದರೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಮುಂದಿನ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು. ಅವರು ಬಾಗಿಲು ಖರೇನೇ ತೆಗೆದಿದ್ದರು. ಹೊರಗೆ ಹೋಗುವ ಜಾತಿಯವನು ನಾನಲ್ಲ ಎಂಬುದು ನನಗಿಂತ ಮೊದಲು ಅವರಿಗೆ ತಿಳಿದಿತ್ತಲ್ಲ, ಅದಕ್ಕಾಗಿ ಬಹಳ ದಿನ ಅವರ ಮೇಲೆ ಸಿಟ್ಟಿತ್ತು. ಅವರೋ, ಹುಬ್ಬಳ್ಳಿಯ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ತಮಾಷೆಗೂ ಎತ್ತಲಿಲ್ಲ.

ಹೋದ ವರ್ಷ ಮಾವನವರು ತೀರಿಕೊಂಡರು. ಮಧ್ಯಾಹ್ನ ಎದೆ ಹಿಡಿದುಕೊಂಡಿತು, ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ದಿನಕರ್ಮ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಸೂಟಿಯಿಂದ ಫೋನು ಬಂತು. ಅಲ್ಲಿ ಹೊಸದಾಗಿ ಹಾಕಿದ್ದ ನಮ್ಮ ಯಂತ್ರ ಪದೇ ಪದೇ ಆಫ್ ಆಗುತ್ತಿದೆಯಂತೆ.

"ಹೋಗಿ ಬರ್ರಿ," ಎಂದಳು ಹೆಂಡತಿ. "ಅಪ್ಪ ಇದ್ದಿದ್ರ ಇಷ್ಟೊತ್ತಿಗೆ ಹೋಗಿ, ನಿಮ್ಮನ್ನ ಬೈದು, ತಿರುಗಿ ಬಂದಿರ್ತಿದ್ರು."

ಹೋದೆ. ಮುಚ್ಚಳ ತೆಗೆದು, ಅಭ್ಯಾಸದಂತೆ ತಿರುಪು ಏರಿಸಿ, ಕೂತೆ. ಯಂತ್ರ ನಡುಗತೊಡಗಿತು. ಕಾದೆ. ನಡುಗುತ್ತಲೇ ಇತ್ತು. ಇಳಿಸಲು ಯಾರೂ ಬರಲಿಲ್ಲ. ಕೊನೆಗೆ ನಾನೇ ಕೈ ಚಾಚಿ ಇಳಿಸಿದೆ. ಇಳಿಸಿದವರನ್ನು ಬೈಯಲೆಂದು ಬಾಯಿ ತೆರೆದವನು, ತಗಡಿಗೆ ಕಿವಿ ಇಟ್ಟೆ.