ಹನುಮವ್ವಾಯಿಯ ಬಿಸಿನೀರು

ಹನುಮವ್ವಾಯಿ ಯಾರನ್ನು ಕಂಡರೂ ಮೊದಲು ಸೊಂಟ ನೋಡುತ್ತಿದ್ದಳು, ಆಮೇಲೆ ಮುಖ. ಕುಷ್ಟಗಿಯ ಆ ಓಣಿಯಲ್ಲಿ ಯಾರಿಗೆ ಬೆನ್ನು ನೋಯಲಿ, ಯಾರ ಮಗ ಎಸ್ಸೆಸ್ಸೆಲ್ಸಿ ಫೇಲಾಗಲಿ, ಆಕೆಯ ಪ್ರಕಾರ ಕಾರಣ ಒಂದೇ: ತಾಯಿಯ ಬಾಣಂತನ ಸರಿಯಾಗಿಲ್ಲ. ಆಕೆಯ ಸೆರಗಿನ ತುದಿಯಲ್ಲಿ ಅಜವಾನದ ಗಂಟು, ಮೈತುಂಬ ಲೋಬಾನದ ವಾಸನೆ, ಬಚ್ಚಲಿನ ಹಂಡೆಯಲ್ಲಿ ಸದಾ ಕುದಿಯುವ ನೀರು.

ನಾನು ಆಗಷ್ಟೇ ಕೊಪ್ಪಳದಲ್ಲಿ ವಕೀಲಿ ಶುರುಮಾಡಿದ್ದೆ. ಗೆಳೆಯನಿಂದ ತಂದ ಕರಿಕೋಟು ಮೊಣಕಾಲು ಮುಟ್ಟುತ್ತಿತ್ತು. ಆಯಿಯ ಸೊಸೆ ರೇಣುಕಾ ನನ್ನ ಮೊದಲ ಕಕ್ಷಿದಾರಳು. ಅವರ ಮನೆಗೆ ಹೋದ ದಿನ ಆಯಿ ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ತಮ್ಮಾ, ನಿಮ್ಮವ್ವಗ ಬಾಣಂತನದಾಗ ಅಂಟಿನುಂಡಿ ಕೊಟ್ಟಿದ್ದಿಲ್ಲೇನು? ಒಣಗಿದ ಜಾಲಿಕಂಟಿ ಆಗೀದಿ ನೋಡು."

ರೇಣುಕಾಳ ಕಥೆ ಮಾತ್ರ ನಗುವಂಥದ್ದಲ್ಲ. ಹೆರಿಗೆಯಲ್ಲಿ ಒಳಗಿನ ಸ್ನಾಯು ಹರಿದಿತ್ತು. ಆಸ್ಪತ್ರೆಯವರು ಅದನ್ನು ಗಮನಿಸದೆ ಮೇಲಷ್ಟೇ ಹೊಲಿಗೆ ಹಾಕಿದ್ದರು. ಮಲ ತಡೆಯಲಾಗುತ್ತಿಲ್ಲವೆಂದು ಅತ್ತುಕೊಂಡು ಹೋದಾಗಲೆಲ್ಲ, "ಬಾಣಂತಿ ನಿತ್ರಾಣ, ತಾನ ಹೋಗ್ತೈತಿ" ಎಂದು ಟಾನಿಕ್ ಬರೆದು ಕಳಿಸಿದರು. ಕೊನೆಗೆ ಗಂಗಾವತಿಯ ವೈದ್ಯೆಯೊಬ್ಬರು ಪರೀಕ್ಷಿಸಿ ನಿಜ ಹೇಳಿದರು. ಅಷ್ಟರಲ್ಲಿ ರೇಣುಕಾ ಬಸ್ಸು ಹತ್ತುವುದನ್ನೂ ಮದುವೆ ಮನೆಗಳಿಗೆ ಹೋಗುವುದನ್ನೂ ಬಿಟ್ಟಿದ್ದಳು. ಆಯಿಯೋ ಓಣಿಗೆಲ್ಲ ಸಾರಿದ್ದಳು: "ಬ್ಯಾಡ ಬ್ಯಾಡ ಅಂದ್ರೂ ತಣ್ಣೀರು ಕುಡಿದ್ಲು. ಅನುಭವಿಸ್ಲಿ!"

ಪರಿಹಾರ ಕೇಳಿ ಗ್ರಾಹಕರ ಆಯೋಗಕ್ಕೆ ಹೋದಾಗ ಆಸ್ಪತ್ರೆಯ ವಕೀಲರು ಇದೇ ಮಾತನ್ನು ಹಿಡಿದರು. ತಪ್ಪು ಆಸ್ಪತ್ರೆಯದಲ್ಲ, ಮನೆಯ ಬಾಣಂತನದ್ದು. ಬೇಕಾದರೆ ಅತ್ತೆಯನ್ನೇ ಕೇಳಿ ಎಂದು ಆಯಿಗೆ ಆಯೋಗದಿಂದ ಸಮನ್ಸ್ ಕೊಡಿಸಿದರು. ರೇಣುಕಾ ಆ ಕಾಗದ ತಂದು ನನ್ನ ಮುಂದಿಟ್ಟಳು.

"ಅತ್ತಿ ಆಡಿದ ಮಾತು ಎಂದೂ ಹಿಂದಕ್ಕ ತಗೊಂಡಾಕಿ ಅಲ್ರಿ. ಕೇಸು ಮುಗೀತು ತಿಳ್ಕೋರಿ."

ವಿಚಾರಣೆಯ ದಿನ ಮೊದಲು ನಾನು ಮಾತಾಡಬೇಕಿತ್ತು. ಗಾಯ ಎಲ್ಲಾಗಿದೆ ಎಂದು ಅಧ್ಯಕ್ಷರು ಕೇಳಿದರು. ನಾನೋ ಮದುವೆಯಾಗದವನು. "ಅದು... ಆ ಭಾಗ..." ಎಂದು ಕೆಮ್ಮಿದೆ, ನೀರು ಕುಡಿದೆ, ಮತ್ತೆ ಕೆಮ್ಮಿದೆ. ಹಿಂದಿನ ಬೆಂಚಿನಿಂದ ಆಯಿಯ ದನಿ ಬಂತು: "ಹಡಿಯೋ ಮುಂದ ಕೆಳಗ ಹರದೈತ್ರಿ, ಒಳಗ ಹೊಲದಿಲ್ಲ. ಇಷ್ಟ ಹೇಳಾಕ ಈ ಹುಡುಗ ಕೊಡಾ ನೀರು ಖಾಲಿ ಮಾಡಾಕತ್ತಾನ!"

ಆಮೇಲೆ ಆಕೆಯ ಸರದಿ.

"ಸೊಸಿ ತಣ್ಣೀರು ಕುಡಿದು ಕೆಟ್ಲು ಅಂತ ಓಣಿತುಂಬ ಹೇಳೀರೋ ಇಲ್ಲೋ?" ಎಂದರು ಆಸ್ಪತ್ರೆಯ ವಕೀಲರು.

"ಹೇಳೀನ್ರಿ."

ನಾನು ಕಣ್ಣು ಮುಚ್ಚಿದೆ.

"ಅಂದ್ರ, ನಿಮ್ಮನಿ ಬಾಣಂತನನ ಸರಿ ಇದ್ದಿದ್ದಿಲ್ಲ."

ಆಯಿಯ ಮುಖ ಹಂಡೆಯ ಹಾಗೆ ಕಾಯಿತು. "ಯಾರ ಬಾಣಂತನ? ನಾ ಮಾಡಿದ್ದಾ? ಆಕಿ ಕುಡಿದ ಒಂದೊಂದು ಗುಟುಕೂ ಈ ಕೈಲೆ ಕಾಸಿ ಕೊಟ್ಟೀನಿ. ತಣ್ಣೀರು ಎಲ್ಲಿಂದ ಬರಬೇಕು?"

"ಮತ್ತ ಹಂಗ ಯಾಕಂದ್ರಿ?"

ಆಯಿ ಸೆರಗಿನ ಗಂಟು ಹಿಸುಕಿದಳು. ಸೊಸೆಯ ಕಡೆ ನೋಡಲಿಲ್ಲ.

"ಅತ್ತಿ ಅದೀನ್ರಿ. ಸೊಸಿಗೆ ಜಡ್ಡು ಬಂದ್ರ ಸೊಸಿನ್ನ ಬೈತೀನಿ. ಅದು ಸುಳ್ಳು. ಈಗ ಹೇಳಿದ್ದು ಖರೆ."

ಅಷ್ಟರಲ್ಲಿ ಅತ್ಯುತ್ಸಾಹದಲ್ಲಿ ಎದ್ದು ನಿಂತು, "ಇದಕ್ಕೆ ನಮ್ಮ ಆಕ್ಷೇಪಣೆ ಇದೆ!" ಎಂದುಬಿಟ್ಟೆ. ನಮ್ಮನ್ನು ಗೆಲ್ಲಿಸುವ ಮಾತಿಗೆ ನಾನೇ ಆಕ್ಷೇಪಣೆ ಎತ್ತಿದ್ದೆ! ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕೂಡು ತಮ್ಮಾ," ಎಂದಳು ಆಯಿ, "ಮುಗೀತು."

ಹೊರಗೆ ಕಬ್ಬಿನ ಹಾಲಿನ ಗಾಡಿ ನಿಂತಿತ್ತು. ಆಯಿ ಒಂದು ಗ್ಲಾಸಿಗೆ ತಣ್ಣಗಿನ ಬರ್ಫದ ತುಂಡು ಹಾಕಿಸಿ ಸೊಸೆಯ ಮುಂದೆ ಹಿಡಿದಳು. ರೇಣುಕಾ ಗಾಬರಿಯಿಂದ ಹಿಂದೆ ಸರಿದಳು.

"ಕುಡಿಯವಾ. ಯಾರರ ಕೇಳಿದ್ರ ಅತ್ತಿನ ಕೊಡಿಸ್ಯಾಳಂತ ಹೇಳು."

ರೇಣುಕಾ ಕಣ್ಣೊರೆಸಿಕೊಳ್ಳುತ್ತ ಕುಡಿದಳು. ನನಗೂ ಬರ್ಫ ಹಾಕಿಸು ಎಂದೆ.

"ನಿನಗ ಬ್ಯಾಡ. ನಿಮ್ಮವ್ವನ ಬಾಣಂತನ ಮೊದಲ ಕೆಟ್ಟೈತಿ!"

ನಾನು ಆಯಿಯನ್ನು ನೋಡಿದ್ದು ಅದೇ ಕೊನೆ. ಆದೇಶ ನಮ್ಮ ಪರವಾಗಿ ಬರುವ ಹೊತ್ತಿಗೆ ಆಕೆ ಇರಲಿಲ್ಲ. ಸುದ್ದಿ ಹೇಳಲು ಕುಷ್ಟಗಿಗೆ ಹೋದೆ. ಬಚ್ಚಲಿನ ಒಲೆ ತಣ್ಣಗಿತ್ತು. ಆಪರೇಷನ್ ಆಗಿ ಚೇತರಿಸಿಕೊಂಡಿದ್ದ ರೇಣುಕಾ, ಮೊನ್ನೆ ಬಸ್ಸಿನಲ್ಲೇ ತವರಿಗೆ ಹೋಗಿ ಬಂದೆ ಎನ್ನುತ್ತ ಮಣ್ಣಿನ ಕೊಡದಿಂದ ಎರಡು ಲೋಟ ತಣ್ಣೀರು ತಂದಳು. ಲೋಟ ಎತ್ತುವ ಮುನ್ನ ಇಬ್ಬರೂ ಒಮ್ಮೆ ಬಾಗಿಲ ಕಡೆ ನೋಡಿದೆವು.